ರೆಟ್ ಸಿಂಡ್ರೋಮ್ ಇರುವ ಮಗಳ ಬೆನ್ನುಮೂಳೆ ಬಾಗುತ್ತಿದೆ, ಶಸ್ತ್ರಚಿಕಿತ್ಸೆ ಬೇಕೇ, ಬ್ರೇಸ್ ಸಾಲದೇ?

ಬ್ರೇಸ್, ಅಂದರೆ ಬೆನ್ನಿಗೆ ಹೊರಗಿನಿಂದ ಕಟ್ಟುವ ಆಸರೆ, ಹಾಕಿದರೆ ಮಗು ನೆಟ್ಟಗೆ ಕೂರಬಹುದು, ಆದರೆ ಅದರಿಂದ ಬಾಗುವಿಕೆ ನಿಲ್ಲುವುದು ಅಪರೂಪ. ಇಲ್ಲಿ ತೊಂದರೆಯ ಮೂಲ ಮೂಳೆಯಲ್ಲಿಲ್ಲ. ರೆಟ್‌ಗೆ ಕಾರಣವಾಗುವ ಎಂಇಸಿಪಿ2 ಜೀನ್‌ನ ದೋಷದಿಂದ ಬೆನ್ನಿನ ಸ್ನಾಯುಗಳ ಮೇಲೆ ಮಿದುಳಿನ ಹಿಡಿತ ಸಡಿಲವಾಗಿರುತ್ತದೆ. ಹಾಗಾಗಿ ಬೆಳವಣಿಗೆ ಮುಗಿದ ಮೇಲೂ ವಕ್ರತೆ ಹೆಚ್ಚಬಹುದು.

ಎಕ್ಸ್-ರೇಯಲ್ಲಿ ಅಳೆಯುವ ಕಾಬ್ ಕೋನ (ಬಾಗುವಿಕೆ ಎಷ್ಟೆಂದು ಹೇಳುವ ಅಳತೆ) ಸುಮಾರು 40–50 ಡಿಗ್ರಿ ದಾಟಿದಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಬೆನ್ನಿನ ಕಡೆಯಿಂದ ತೆರೆದು, ಕಶೇರುಕಗಳಿಗೆ (ಬೆನ್ನುಮೂಳೆಯ ಬಿಡಿ ಮೂಳೆಗಳಿಗೆ) ಸ್ಕ್ರೂ ಕೂರಿಸಿ, ಎರಡು ಲೋಹದ ಸರಳುಗಳಿಗೆ ಬಿಗಿದು ಸಾಧ್ಯವಾದಷ್ಟು ನೇರ ಮಾಡುತ್ತಾರೆ. ಮುಂದೆ ಆ ಮೂಳೆಗಳು ಒಂದಾಗಿ ಬೆಸೆದುಕೊಳ್ಳುತ್ತವೆ. ನಡೆಯಲಾಗದ, ಸೊಂಟ ಓರೆಯಾದ ಮಕ್ಕಳಲ್ಲಿ ಸರಳುಗಳನ್ನು ಸೊಂಟದ ಮೂಳೆಯವರೆಗೂ ಇಳಿಸಬೇಕಾಗುತ್ತದೆ. ತೀರಾ ಚಿಕ್ಕವರಲ್ಲಿ ಬೆಸೆದುಬಿಟ್ಟರೆ ಶ್ವಾಸಕೋಶ ಬೆಳೆಯಲು ಜಾಗ ಸಾಲದು, ಅವರಿಗೆ ಉದ್ದ ಹೆಚ್ಚಿಸಬಹುದಾದ ಸರಳುಗಳಿವೆ.

ದಯವಿಟ್ಟು ದಿನಾಂಕ ನಿಗದಿಯಾಗುವ ಮೊದಲೇ ಇಸಿಜಿ ಮಾಡಿಸಿ. ರೆಟ್‌ನಲ್ಲಿ ಕ್ಯೂಟಿ ಅವಧಿ (ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಸಮಯವನ್ನು ತೋರುವ ಇಸಿಜಿ ಅಳತೆ) ದೀರ್ಘವಾಗಿರುವುದುಂಟು, ಅರಿವಳಿಕೆ ತಜ್ಞರಿಗೆ ಅದು ಗೊತ್ತಿರಲೇಬೇಕು. ಫಿಟ್ಸ್‌ಗೆ ವಾಲ್ಪ್ರೋಯೇಟ್ ಕೊಡುತ್ತಿದ್ದರೆ ಅದನ್ನೂ ಹೇಳಿ, ರಕ್ತಸ್ರಾವ ಹೆಚ್ಚಬಹುದು; ನೀವಾಗಿಯೇ ನಿಲ್ಲಿಸಬೇಡಿ. ತೂಕ ಕಡಿಮೆಯಿದ್ದರೆ ಮೊದಲು ಪೋಷಣೆ. ಗಾಯ ಮಾಯುವುದು ಅದರ ಮೇಲೇ ನಿಂತಿದೆ. ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ನ್ಯುಮೋನಿಯಾ ಭಯವೇ ದೊಡ್ಡದು. ಆದ್ದರಿಂದ ಮಕ್ಕಳ ಐಸಿಯು, ಉಸಿರಾಟದ ಫಿಸಿಯೊಥೆರಪಿ ಎರಡೂ ಇರುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ.