ಹಳೇ ಮ್ಯಾಕ್‌ಬುಕ್: ಎಷ್ಟು ಸಲ ಪರ್ಮಿಶನ್ ರಿಪೇರಿ ಮಾಡಿದರೂ ಅದೇ ಎರರ್. ಡಿಸ್ಕ್ ಹೋಯ್ತಾ?

ನೀವು ಕಾರವಾರದವರು, ನಾನು ಶಿರಸಿಯವನು. ಮಳೆ, ಕರೆಂಟು ಎರಡರ ಕಥೆಯೂ ಗೊತ್ತಿರುವವರೇ. ನಿಮ್ಮದು ಸ್ನೋ ಲೆಪರ್ಡ್ (ಆಪಲ್‌ನ ಹಳೇ ಆಪರೇಟಿಂಗ್ ಸಿಸ್ಟಮ್) ಇರುವ ಮ್ಯಾಕ್‌ಬುಕ್. ಡಿಸ್ಕ್ ನೋಡಿಕೊಳ್ಳುವ ಡಿಸ್ಕ್ ಯುಟಿಲಿಟಿಯಲ್ಲಿ ಪರ್ಮಿಶನ್ (ಯಾವ ಫೈಲನ್ನು ಯಾರು ಓದಬಹುದು, ಬದಲಿಸಬಹುದು ಅನ್ನುವ ಅನುಮತಿ) ರಿಪೇರಿ ಒತ್ತಿದಾಗೆಲ್ಲ ‘ಎಸ್‌ಯುಐಡಿ ಫೈಲ್ ಬದಲಾಗಿದೆ, ರಿಪೇರಿ ಮಾಡುವುದಿಲ್ಲ’ ಅನ್ನುವ ಸಾಲುಗಳು. (ಎಸ್‌ಯುಐಡಿ ಫೈಲ್ ಅಂದರೆ ಯಾರು ಓಡಿಸಿದರೂ ತನ್ನ ಮಾಲೀಕನ ಅಧಿಕಾರದಲ್ಲೇ ಓಡುವ ಪ್ರೋಗ್ರಾಂ.) ಜೊತೆಗೆ ಮಷಿನ್ ತುಂಬಾ ನಿಧಾನ ಅಂದಿದ್ದೀರಿ.

ಆ ಸಾಲುಗಳಿಗೆ ಹೆದರಬೇಡಿ. ಅವನ್ನು ಸುಮ್ನೆ ಬಿಟ್ಟುಬಿಡಿ ಅಂತ ಆಪಲ್‌ನವರೇ ಹೇಳಿದ್ದರು. ‘ಎಸಿಎಲ್ ಫೌಂಡ್’ (ಎಸಿಎಲ್ ಅಂದರೆ ಫೈಲಿನ ಹೆಚ್ಚುವರಿ ಅನುಮತಿಗಳ ಪಟ್ಟಿ) ಅಂತ ಬಂದರೂ ಅಷ್ಟೇ. ಸಾಫ್ಟ್‌ವೇರ್ ಹಾಕಿದಾಗ ಯಾವ ಫೈಲಿಗೆ ಏನು ಪರ್ಮಿಶನ್ ಅಂತ ಒಂದು ರಸೀದಿ ಉಳಿಯುತ್ತದೆ. ರಿಪೇರಿ ಅಂದರೆ ಆ ರಸೀದಿ ಹಿಡಿದು ಫೈಲುಗಳನ್ನು ತಾಳೆ ನೋಡುವುದು. ನಿಮ್ಮ ಫೋಟೊ, ಕಾಗದ ಪತ್ರ ಇರುವ ಹೋಮ್ ಫೋಲ್ಡರನ್ನು ಅದು ಮುಟ್ಟುವುದೇ ಇಲ್ಲ. 2015ರ ಎಲ್ ಕ್ಯಾಪಿಟನ್ ಆವೃತ್ತಿಯಲ್ಲಿ ಆ ಬಟನ್ನನ್ನೇ ತೆಗೆದುಹಾಕಿದರು.

ಅದರಿಂದ ಉಪಯೋಗವೇ ಇರಲಿಲ್ಲ ಅಂತಲ್ಲ. ಒಮ್ಮೆ ಯಾರದೋ ಮಾತು ಕೇಳಿ ನಾನು ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಇಡೀ ಡಿಸ್ಕಿಗೆ ‘ಚ್‌ಮಾಡ್ 777’ ಹೊಡೆದೆ, ಅಂದರೆ ಎಲ್ಲ ಫೈಲನ್ನೂ ಯಾರು ಬೇಕಾದರೂ ಬದಲಿಸಲಿ ಅಂತ ಬಿಟ್ಟೆ. ಆಮೇಲೆ ಅಡ್ಮಿನ್ ಅಧಿಕಾರದಲ್ಲಿ ಆಜ್ಞೆ ಓಡಿಸುವ ‘ಸುಡೋ’ ಕೂಡ ನಡೆಯಲಿಲ್ಲ. ಅಪ್ಪಯ್ಯನ ಅಡಿಕೆ ಲೆಕ್ಕವೆಲ್ಲ ಅದರಲ್ಲೇ ಇತ್ತು, ನಾನು ಬೆವರಿಹೋದೆ. ಇನ್‌ಸ್ಟಾಲ್ ಡಿವಿಡಿ ಹಾಕಿ, ‘ಸಿ’ ಕೀ ಒತ್ತಿ ಹಿಡಿದು ಶುರು ಮಾಡಿ, ಅಲ್ಲಿಂದ ಪರ್ಮಿಶನ್ ರಿಪೇರಿಗೆ ಬಿಟ್ಟೆ. ‘ಒಂದು ನಿಮಿಷ ಬಾಕಿ’ ಅಂತ ತೋರಿಸುತ್ತಲೇ ಅರ್ಧ ಗಂಟೆ ಕೂತಿತು. ಆಯಿ ಎರಡು ಸಲ ಕಷಾಯ ತಂದಿಟ್ಟು ಹೋದಳು. ಕೊನೆಗೂ ಮಷಿನ್ ಎದ್ದಿತು, ಲೆಕ್ಕವೂ ಸಿಕ್ಕಿತು. ನೀವು ಮಾತ್ರ ಆ 777ರ ಸಹವಾಸಕ್ಕೆ ಹೋಗಬೇಡಿ.

ನಿಮ್ಮ ನಿಧಾನಕ್ಕೆ ಕಾರಣ ಬೇರೆ ಇರಬೇಕು. ಡಿಸ್ಕ್ ಯುಟಿಲಿಟಿಯ ಎಡಗಡೆ ಎಲ್ಲಕ್ಕಿಂತ ಮೇಲೆ ಡಿಸ್ಕಿನದೇ ಹೆಸರಿನ ಸಾಲು ಇರುತ್ತದೆ, ‘ಮ್ಯಾಕಿಂತೋಷ್ ಎಚ್‌ಡಿ’ ಅಲ್ಲ, ಅದರ ಮೇಲಿನದು. ಅದನ್ನು ಒತ್ತಿ, ಕೆಳಗೆ ‘ಸ್ಮಾರ್ಟ್ ಸ್ಟೇಟಸ್’ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಹೇಳುವುದು) ನೋಡಿ. ‘ಫೇಲಿಂಗ್’ ಅಂತ ಇದ್ದರೆ ಯಾವ ರಿಪೇರಿಯನ್ನೂ ಮಾಡಬೇಡಿ, ಮೊದಲು ಬೇಕಾದ್ದೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಒಳಗಿಂದ ಟಕ್ ಟಕ್ ಸದ್ದು ಬರುತ್ತಿದ್ದರೂ ಹಾಗೇ ಮಾಡಿ, ಸ್ಟೇಟಸ್ ‘ವೆರಿಫೈಡ್’ ಅಂದರೂ ನಂಬಬೇಡಿ. ಖಾಲಿ ಜಾಗ ಎಷ್ಟಿದೆ ಅಂತಲೂ ನೋಡಿ. ಡಿಸ್ಕ್ ಕಂಠಮಟ್ಟ ತುಂಬಿದ್ದರೆ ಯಾವ ಮಷಿನ್ನೂ ತೆವಳುತ್ತದೆ, ಅಲ್ವಾ?

ಇದೆಲ್ಲ ಸರಿ ಇದ್ದರೆ ಬ್ಯಾಕಪ್ ಮಾಡಿಟ್ಟು, ಡಿವಿಡಿಯಿಂದ ಶುರು ಮಾಡಿ, ‘ರಿಪೇರ್ ಡಿಸ್ಕ್’ ಒತ್ತಿ. ಪರ್ಮಿಶನ್‌ದು ಬೇರೆ ಬಟನ್, ಇದು ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಟ್ಟ ವ್ಯವಸ್ಥೆ, ನೋಡುವುದು. ಸ್ವಂತ ಡಿಸ್ಕಿನಿಂದಲೇ ಓಡುತ್ತಿರುವಾಗ ಈ ಬಟನ್ ಒತ್ತಲು ಬರುವುದಿಲ್ಲ, ಅದಕ್ಕೇ ಡಿವಿಡಿ ಬೇಕು. ಬ್ಯಾಟರಿ ಸತ್ತಿದ್ದರೆ ಇನ್ವರ್ಟರ್ ಇರುವ ಪ್ಲಗ್ಗಿಗೆ ಹಾಕಿಕೊಂಡೇ ಕೂತುಕೊಳ್ಳಿ. ನಡುವೆ ಕರೆಂಟು ಹೋದರೆ ಇದ್ದ ತೊಂದರೆ ಜಾಸ್ತಿಯಾಗುತ್ತದೆ.

ಮುಗಿದ ಮೇಲೆ ಕೊನೆಯ ಸಾಲು ಹಸಿರು ಬಂದರೆ ಸರಿ. ಕೆಂಪು ಬಂದರೆ ಅದರಲ್ಲಿ ಏನಿದೆಯೋ ಹಾಗೇ ಇಲ್ಲಿ ಬರೆದು ಹಾಕಿ, ನೋಡೋಣ.