ಗುಣವಾಗುವವರೆಗೆ ಕೆಲಸಕ್ಕೆ ಕಾಯಬೇಕೇ?

ಪತ್ರ ಬರೆದ ಸಹೋದರಿಗೆ,

ನಿಮ್ಮ ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ. ‘ಮೊದಲು ಪೂರ್ತಿ ಗುಣವಾಗಲಿ, ಆಮೇಲೆ ಕೆಲಸದ ಮಾತು’ ಎನ್ನುತ್ತಾರೆ ಮನೆಯವರು. ಕೆಲಸಕ್ಕೆ ಸೇರಿದರೆ ಬರುತ್ತಿರುವ ಮಾಸಾಶನ ನಿಂತೀತೆಂಬ ಅಂಜಿಕೆ ಬೇರೆ. ಮಾಲೀಕರಿಗೆ ಕಾಯಿಲೆಯ ವಿಷಯ ತಿಳಿಸಬೇಕೇ ಎಂದೂ ಕೇಳಿದ್ದೀರಿ.

ಕಾಯುವುದನ್ನು ನಾನು ಒಪ್ಪುವುದಿಲ್ಲ. ಮೊದಲು ದೀರ್ಘ ತರಬೇತಿ, ನಂತರ ಉದ್ಯೋಗ ಎಂದು ತಜ್ಞರೂ ಬಹಳ ಕಾಲ ನಂಬಿದ್ದರು. 1990ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಪದ್ಧತಿಯೊಂದು ಈ ಕ್ರಮವನ್ನು ತಿರುವುಮುರುವು ಮಾಡಿತು. ದುಡಿಯುವ ಮನಸ್ಸಿದ್ದವರನ್ನು ನೇರವಾಗಿ ಸಾಮಾನ್ಯ ಉದ್ಯೋಗಕ್ಕೇ ಸೇರಿಸುತ್ತಾರೆ. ಚಿಕಿತ್ಸಾ ತಂಡದಲ್ಲಿರುವ ಉದ್ಯೋಗ ಸಹಾಯಕರೊಬ್ಬರು ಸೇರಿದ ಮೇಲೂ ಜೊತೆಗಿರುತ್ತಾರೆ. ಯುರೋಪಿನ ಆರು ನಗರಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ದಾರಿ ಹಿಡಿದವರ ಪೈಕಿ ಶೇ. 55 ಮಂದಿ ಕೆಲಸ ಮಾಡಿದರು. ಹಳೆಯ ದಾರಿಯಲ್ಲಿ ಶೇ. 28. ಒಂದು ದಿನ ದುಡಿದರೂ ಲೆಕ್ಕಕ್ಕೆ ಬರುವ ಅಳತೆ ಅದು, ನಿಜ. ಆದರೆ ಮತ್ತೆ ಆಸ್ಪತ್ರೆ ಸೇರಿದವರೂ ಹೊಸ ದಾರಿಯವರಲ್ಲೇ ಕಡಿಮೆ. ಕೆಲಸದ ಒತ್ತಡಕ್ಕೆ ಕಾಯಿಲೆ ಮರುಕಳಿಸುತ್ತದೆಂದು ಹೆದರುವ ನಿಮ್ಮ ತಂದೆತಾಯಿಗೆ ಇದನ್ನು ಓದಿ ಹೇಳಿ.

ಮಾಸಾಶನದ ಅಂಜಿಕೆ ಮಾತ್ರ ಸಕಾರಣವಾದದ್ದು. ಏರಿಳಿತದ ಕಾಯಿಲೆ ಇದು; ಇಂದು ಸಿಕ್ಕ ಕೆಲಸ ನಾಳೆ ಕೈತಪ್ಪಬಹುದು. ಆದ್ದರಿಂದ ಸೇರುವ ಮೊದಲೇ ಮಾಸಾಶನ ಕೊಡುವ ಕಚೇರಿಯಲ್ಲಿ ಕೇಳಿ: ಎಷ್ಟು ಸಂಪಾದನೆಯವರೆಗೆ ಮಾಸಾಶನ ಬರುತ್ತದೆ? ಅರೆಕಾಲಿಕ ಕೆಲಸಕ್ಕೆ ಏನು ನಿಯಮ? ಕೆಲಸ ಹೋದರೆ ಹೊಸ ಅರ್ಜಿಯಿಲ್ಲದೆ ಮತ್ತೆ ಶುರುವಾಗುತ್ತದೆಯೇ? ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ. ಮೊದಲ ಸಂಬಳ ಬಂದೊಡನೆ ಆಸರೆ ಕಿತ್ತುಕೊಳ್ಳುವ ನಿಯಮ ಎಲ್ಲೇ ಇರಲಿ, ಅದು ಅನ್ಯಾಯ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 27ನೆಯ ವಿಧಿಯಲ್ಲಿ ಉದ್ಯೋಗವನ್ನೂ 28ನೆಯ ವಿಧಿಯಲ್ಲಿ ಸಾಮಾಜಿಕ ರಕ್ಷಣೆಯನ್ನೂ ಹಕ್ಕೆಂದೇ ಸಾರಿದೆ. ದೀರ್ಘಕಾಲದ ಮಾನಸಿಕ ಅಸ್ವಸ್ಥತೆಯೂ ಅದರ ವ್ಯಾಪ್ತಿಗೆ ಬರುತ್ತದೆ.

ಕಾಯಿಲೆಯ ಹೆಸರು ಹೇಳುವುದು, ಬಿಡುವುದು ನಿಮ್ಮ ತಮ್ಮನಿಗೇ ಸೇರಿದ್ದು. ಕಾನೂನಿನ ರಿಯಾಯಿತಿ ಬೇಕಾದಾಗ ಹೇಳಬೇಕಾಗಿ ಬರಬಹುದು. ಉಳಿದಂತೆ, ಬೇಕಾದ್ದನ್ನು ಕೇಳಿದರೆ ಸಾಕು. ರಾತ್ರಿಯ ಮಾತ್ರೆಯ ಮಂಪರು ಬೆಳಗಿನವರೆಗೂ ಬಿಡದಿದ್ದರೆ ತಡವಾಗಿ ಆರಂಭವಾಗುವ ಪಾಳಿ. ನಾಲ್ಕು ಸೂಚನೆ ಒಟ್ಟಿಗೆ ಬಂದಾಗ ಗಲಿಬಿಲಿಯಾದರೆ ಚೀಟಿಯಲ್ಲಿ ಬರೆದ ಸೂಚನೆ. ವೈದ್ಯರ ಭೇಟಿಗೆ ಅರ್ಧ ದಿನದ ರಜೆ. ಇವಕ್ಕೆ ಮಾಲೀಕರಿಗೆ ತಗಲುವ ಖರ್ಚು ಅಷ್ಟರಲ್ಲೇ ಇದೆ.

ಮನೆಯವರೆಲ್ಲರ ಅಭಿಪ್ರಾಯ ನಿಮ್ಮ ಪತ್ರದಲ್ಲಿದೆ, ತಮ್ಮನದು ಇಲ್ಲ. ಅವರಿಗೆ ಯಾವ ಕೆಲಸ ಇಷ್ಟ, ದಿನಕ್ಕೆ ಎಷ್ಟು ಹೊತ್ತು ಮಾಡಬಲ್ಲರು ಎಂದು ಅವರನ್ನೇ ಕೇಳಿ, ಮತ್ತೆ ಬರೆಯಿರಿ.

– ಸಂಪಾದಕ