ಕೋಲಾಗೆ ಲಸಿಕೆ: ಚರ್ಮದಡಿಗೋ, ಮೂಗಿಗೋ?

‘ಕೋಲಾ, ಪಾಸಮ್‌ನಂಥ ಹೊಟ್ಟೆಚೀಲದ ಕಾಡುಪ್ರಾಣಿಗಳಿಗೆ ಲಸಿಕೆ ಚುಚ್ಚಿದರೇನು, ಮೂಗಿಗೋ ಬಾಯಿಗೋ ಹಾಕಿದರೇನು, ಎಲ್ಲ ಒಂದೇ ಅಲ್ಲವೇ?’ ಎಂದು ಕೇಳಿದ್ದೀರಿ. ಒಂದೇ ಅಲ್ಲ. ಈ ವಿಷಯ ಓದುತ್ತಾ ಓದುತ್ತಾ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಆ ವ್ಯತ್ಯಾಸ.

ಆಸ್ಟ್ರೇಲಿಯಾದ ಕೋಲಾವನ್ನೇ ನೋಡಿ. ಕ್ಲಮಿಡಿಯಾ ಪೆಕೋರಮ್ ಎಂಬ ಬ್ಯಾಕ್ಟೀರಿಯಾ ಅದರ ಕಣ್ಣುರೆಪ್ಪೆಯ ಒಳಪದರ, ಮೂತ್ರನಾಳ, ಜನನಾಂಗಗಳಲ್ಲಿ ಬೀಡುಬಿಡುತ್ತದೆ. ಕಣ್ಣು ಕೆಂಪಗೆ ಊದಿಕೊಳ್ಳುತ್ತದೆ, ಮೂತ್ರ ಸೋರಿ ಹಿಂಬದಿಯ ತುಪ್ಪಳ ಕಂದುಗಟ್ಟಿ ಸದಾ ಒದ್ದೆಯಾಗಿರುತ್ತದೆ, ಹೆಣ್ಣು ಬಂಜೆಯಾಗುತ್ತದೆ. ಆಂಟಿಬಯಾಟಿಕ್ ಕೊಟ್ಟರೆ ನೀಲಗಿರಿ ಎಲೆಯನ್ನು ಅರಗಿಸಿಕೊಡುವ ಕರುಳಿನ ಸೂಕ್ಷ್ಮಜೀವಿಗಳಿಗೂ ಪೆಟ್ಟು. ಹಾಗಾಗಿ ಲಸಿಕೆಯ ಮೇಲೆ ಇಷ್ಟು ಆಸೆ.

ಆವರಣದಲ್ಲಿ ಸಾಕಿದ್ದ ಕೆಲವು ಗಂಡು ಕೋಲಾಗಳ ಮೇಲೆ ಒಂದೇ ಲಸಿಕೆಯನ್ನು ಎರಡು ದಾರಿಯಲ್ಲಿ ಪರೀಕ್ಷಿಸಿದ್ದರು. ಚರ್ಮದಡಿ ಚುಚ್ಚಿದಾಗ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ರೋಗಾಣುವಿಗೆ ಅಂಟಿಕೊಂಡು ತಡೆಯುವ ಪ್ರೋಟೀನುಗಳು, ಹೆಚ್ಚಿದವು, ರಕ್ತದ ಬಿಳಿಕಣಗಳ ಪ್ರತಿಕ್ರಿಯೆಯೂ ಜೋರಾಗಿತ್ತು. ಮೂಗಿಗೆ ಹಾಕಿದಾಗ ಮೂತ್ರ-ಜನನಾಂಗದ ಸ್ರಾವದಲ್ಲಿ ಪ್ರತಿಕಾಯಗಳು ಹೆಚ್ಚು ಕಂಡವು. ಮೂಗೆಲ್ಲಿ, ಮೂತ್ರನಾಳವೆಲ್ಲಿ! ಸಸ್ತನಿಗಳಲ್ಲಿ ಒಂದು ಲೋಳೆಪೊರೆಯಲ್ಲಿ (ಮೂಗು, ಮೂತ್ರನಾಳದಂಥ ಕಡೆ ಒಳಮೈಯ ತೇವದ ಪದರ) ಪಳಗಿದ ಪ್ರತಿರಕ್ಷಣಾ ಕೋಶಗಳು ರಕ್ತದಲ್ಲಿ ಹರಿದು ದೂರದ ಲೋಳೆಪೊರೆಗಳಲ್ಲೂ ನೆಲೆ ನಿಲ್ಲುತ್ತವೆ.

ಹಾಗಾದರೆ ಮೂಗೇ ಮೇಲೆಂದು ಅವಸರದಲ್ಲಿ ತೀರ್ಮಾನಿಸಬೇಡಿ. ಕ್ಲಮಿಡಿಯಾ ಜೀವಕೋಶದ ಒಳಗೆ ಅಡಗಿ ಬೆಳೆಯುವಂಥದ್ದು. ಪ್ರತಿಕಾಯಗಳು ಹೊರಗೆ ಕಾವಲು ನಿಂತರೆ ಸಾಲದು, ಸೋಂಕು ತಗುಲಿದ ಜೀವಕೋಶಗಳನ್ನೇ ಗುರುತಿಸಿ ಹೊಡೆಯುವ ಟಿ ಕೋಶಗಳೂ ಬೇಕು. ಇನ್ನು ಕಾಡಿನ ಕೋಲಾವನ್ನು ಹಿಡಿಯುವ ಕಷ್ಟ: ಉದ್ದ ಕೋಲಿನ ತುದಿಗೆ ಬಟ್ಟೆ ಕಟ್ಟಿ ಅದರ ತಲೆಯ ಮೇಲೆ ಅಲ್ಲಾಡಿಸುತ್ತಾ ಕೆಳಗಿಳಿಸಬೇಕು. ಅದನ್ನೇ ಮತ್ತೆ ಮತ್ತೆ ಹಿಡಿಯುವುದು ಯಾರಿಗೂ ಸುಲಭವಲ್ಲ. 2025ರಲ್ಲಿ ಆಸ್ಟ್ರೇಲಿಯಾದಲ್ಲಿ ಅನುಮತಿ ಸಿಕ್ಕ, ಸನ್‌ಶೈನ್ ಕೋಸ್ಟ್ ವಿಶ್ವವಿದ್ಯಾಲಯದ ಲಸಿಕೆ ಒಂದೇ ಡೋಸಿನದು. ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಗುಣವೇ ಅದು.

ಬಾಯಿಯ ದಾರಿಗೆ ನ್ಯೂಜಿಲೆಂಡಿನ ಪಾಸಮ್ ಉದಾಹರಣೆ. ಆಸ್ಟ್ರೇಲಿಯಾದಿಂದ ತುಪ್ಪಳಕ್ಕಾಗಿ ತಂದುಬಿಟ್ಟ ಈ ಪ್ರಾಣಿ ಅಲ್ಲಿ ದನಗಳಿಗೆ ಕ್ಷಯ ಹರಡುತ್ತದೆ. ಕ್ಷಯದ ವಿರುದ್ಧ ಕೊಡುವ ಬಿಸಿಜಿ ಜೀವಂತ ಬ್ಯಾಕ್ಟೀರಿಯಾದ ಲಸಿಕೆ. ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಸಾಯದಿರಲಿ ಎಂದು ಅದನ್ನು ಕೊಬ್ಬಿನಲ್ಲಿ ಹುದುಗಿಸಿ ಕೊಟ್ಟರು. ಒರೊಂಗೊರೊಂಗೊ ಕಣಿವೆಯ ಕಾಡು ಪಾಸಮ್‌ಗಳಲ್ಲಿ ಅದು ಶೇ 95ರಷ್ಟು ರಕ್ಷಣೆ ಕೊಟ್ಟಿತು. ಪಾಸಮ್ ಸಿಕ್ಕಿದ್ದನ್ನು ತಿನ್ನುತ್ತದೆ, ಹಾಗಾಗಿ ಲಸಿಕೆಯನ್ನು ತಿಂಡಿಯಲ್ಲಿಟ್ಟು ಕಾಡಿನಲ್ಲಿ ಹರಡುವ ಯೋಚನೆಗೂ ಅರ್ಥವಿದೆ. ನೀಲಗಿರಿ ಎಲೆ ಬಿಟ್ಟು ಬೇರೇನನ್ನೂ ಹೆಚ್ಚಾಗಿ ಮುಟ್ಟದ ಕೋಲಾಗೆ ಎಂಥ ತಿಂಡಿ ಇಡುತ್ತೀರಿ?